ಮೂರು ಕೂಗಿನೊಳಗೆ ಊರುದ್ಧಾರ

ಗೃಹಿಣಿಯನ್ನು ಸಾರ್ವಜನಿಕ ಸೇವೆಗೆ ನೇಮಿಸುವ ಆದೇಶ ಯಾವ ಇಲಾಖೆಯಿಂದಲೂ ಬರುವುದಿಲ್ಲ. ಅದಕ್ಕೆ ಎರಡು ಪದ ಸಾಕು: "ಮನೇಲೇ ಇರ್ತೀರಲ್ಲ?" ಮೊದಲು ಹಾಗೆನ್ನುವವನು ಕೊರಿಯರ್ ಹುಡುಗ. "ಪಕ್ಕದ್ಮನೆ ಪಾರ್ಸೆಲ್ ಇಟ್ಕೊಳ್ಳಿ ಆಂಟಿ, ನೀವು ಮನೇಲೇ ಇರ್ತೀರಲ್ಲ." ಆಮೇಲೆ ಎದುರುಮನೆಯ ಸಾಫ್ಟ್‌ವೇರ್ ದಂಪತಿ ಬೀಗದಕೈ ಕೊಟ್ಟು ಹೋಗುತ್ತಾರೆ. ಗ್ಯಾಸಿನವನು ಬೀಗ ಹಾಕಿದ ಮನೆಗಳ ಸಿಲಿಂಡರನ್ನೆಲ್ಲ ನಮ್ಮ ಗೇಟಿನೊಳಗೆ ಉರುಳಿಸುತ್ತಾನೆ. ಮತದಾರರ ಪಟ್ಟಿ ಹಿಡಿದ ಮೇಷ್ಟರು ಇಡೀ ಬೀದಿಯ ವಂಶಾವಳಿಯನ್ನು ನಮ್ಮ ಜಗಲಿಯಲ್ಲೇ ಕೂತು ವಿಚಾರಿಸುತ್ತಾರೆ. ಕೊನೆಗೊಂದು ದಿನ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರೇ ಗೇಟಿನ ಹತ್ತಿರ ನಿಂತು ಕೆಮ್ಮುತ್ತಾರೆ. "ಮೇಡಂ, ಸಂಘಕ್ಕೊಬ್ಬರು ಜಂಟಿ ಕಾರ್ಯದರ್ಶಿ ಬೇಕು. ಕೆಲಸ ಅಂತ ಏನೂ ಇರಲ್ಲ. ಹೇಗೂ ನೀವು ಮನೇಲೇ..."

ಕೆಲಸ ಏನೂ ಇರಲ್ಲ ಎಂದರೆ ಅಲ್ಲಿ ಕೆಲಸ ಮಾಡುವವರು ಯಾರೂ ಇಲ್ಲ ಎಂದರ್ಥ. ಅದು ಗೊತ್ತಿದ್ದೂ ನಾನು ಹೂಂ ಎಂದೆ. ಯಾಕೆಂದರೆ ಆ ಹೊತ್ತಿಗೆ ಒಳಗೆ ಹಾಲು ಉಕ್ಕುತ್ತಿತ್ತು, ಇಲ್ಲ ಅನ್ನುವುದಕ್ಕೆ ಕಾರಣ ಕೊಡಬೇಕು, ಹೂಂ ಅನ್ನುವುದಕ್ಕೆ ಬೇಡ. ನಮ್ಮ ಬಡಾವಣೆಯ ಅರ್ಧಕ್ಕರ್ಧ ಸಮಾಜಸೇವಕಿಯರು ಹೀಗೆ ಉಕ್ಕುವ ಹಾಲಿನ ಮುಹೂರ್ತದಲ್ಲೇ ನೇಮಕವಾದವರು.

ಸರ್ಕಾರಕ್ಕೂ ನಮ್ಮ ಬಗ್ಗೆ ಇದೇ ಅಭಿಪ್ರಾಯ. ಜನಗಣತಿಯ ಲೆಕ್ಕದಲ್ಲಿ ಬರೀ ಮನೆವಾರ್ತೆ ನೋಡಿಕೊಳ್ಳುವವಳು 'ಕೆಲಸಗಾರರಲ್ಲದವರು' ಎಂಬ ಸಾಲಿಗೆ ಬೀಳುತ್ತಾಳೆ. ಅದೇ ಸರ್ಕಾರದ ಇನ್ನೊಂದು ಕೈ ಸಮಯ ಬಳಕೆ ಸಮೀಕ್ಷೆ ಅಂತ ಒಂದನ್ನು ಮಾಡುತ್ತದೆ. 2024ರ ಆ ಸಮೀಕ್ಷೆಯ ಪ್ರಕಾರ ಮನೆಮಂದಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ, "ನೋಡು, ನಾವೂ ಒಂದೂವರೆ ಗಂಟೆ ಮಾಡ್ತೀವಿ" ಅಂದರು. ಅದು ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ ಕಣ್ರೀ, ಹಾಕದವರನ್ನೂ ಸೇರಿಸಿದ್ದರೆ ಆ 88 ಎಲ್ಲಿಗೆ ಇಳಿಯುತ್ತಿತ್ತೋ ಅಂದೆ. ಪೇಪರ್ ಮತ್ತೆ ಮೇಲೇರಿತು.

ಆ ಸಮೀಕ್ಷೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆ ಒಂದು ಅಂಶ. 2019ರಲ್ಲಿ ಹೆಂಗಸರದು 299 ನಿಮಿಷ ಇತ್ತು. ಐದು ವರ್ಷದಲ್ಲಿ ಹತ್ತು ನಿಮಿಷ ಉಳಿತಾಯ! ಗಂಡಸರದು 97ರಿಂದ 88ಕ್ಕೆ ಇಳಿದು ಅವರಿಗೂ ಒಂಬತ್ತು ನಿಮಿಷ ಉಳಿಯಿತು. ಅವರ ಒಂಬತ್ತು ನಿಮಿಷ ಮೊಬೈಲಿನ ರೀಲ್ಸ್‌ಗೆ ಸಂದಾಯವಾಗಿರಬೇಕು. ನಮ್ಮ ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ನನಗೆ ಚೆನ್ನಾಗಿ ಗೊತ್ತಿದೆ. ಬೇಳೆ ಬೇಯಲು ಕುಕ್ಕರ್ ಮೂರು ಸಲ ಕೂಗಬೇಕಲ್ಲ, ಅಷ್ಟರಲ್ಲಿ ಬೀದಿಗೆ ಹೋಗಿ ಚರಂಡಿ, ದೀಪ, ನಾಯಿ, ನೀರು, ಇಷ್ಟನ್ನು ನೋಡಿಕೊಂಡು ಬರುತ್ತೇವೆ.

ಮೊದಲು ಕಸದಿಂದ ಶುರುಮಾಡೋಣ. ಬೆಂಗಳೂರಿನಲ್ಲಿ ಪೌರಪ್ರಜ್ಞೆ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಬೆಳಿಗ್ಗೆ ನಮ್ಮ ಬೀದಿಗೆ ಮೂರು ಸವಾರಿಗಳು ಒಂದೇ ಗಳಿಗೆಗೆ ಬಿಜಯಂಗೈಯುತ್ತವೆ: ಶಾಲೆಯ ವ್ಯಾನು, ಹಾಡು ಹಾಕಿಕೊಂಡು ಬರುವ ಕಸದ ಆಟೊ, ಯಜಮಾನರ ಎರಡನೇ ಕಾಫಿಯ ಆಸೆ. ಕಾವಲಿಯ ಮೇಲೆ ದೋಸೆ. ಎಡಗೈಯಲ್ಲಿ ಮಗಳ ಜಡೆ. ಬಲಗೈಯಲ್ಲಿ ಹಸಿರು ಬಕೆಟ್ಟು. ಹೆಣ್ಣು ಅಷ್ಟಭುಜೆ ಎಂದು ಹೊಗಳುವವರು ಒಂದು ದಿನ ಬಂದು ಆ ಉಳಿದ ಆರು ಕೈಗಳನ್ನು ನಮಗೆ ತೋರಿಸಿಕೊಟ್ಟರೆ ಉಪಕಾರವಾಗುತ್ತದೆ.

2012 ನೆನಪಿದೆಯಲ್ಲ. ನಮ್ಮ ಕಸವನ್ನು ಹೊತ್ತು ಹೊತ್ತು ಊರಾಚೆಯ ಮಾವಳ್ಳಿಪುರದವರಿಗೆ ಸಾಕಾಯಿತು, ಮಂಡೂರಿನವರಿಗೂ ಸಾಕಾಯಿತು. ಲಾರಿಗಳು ನಿಂತವು. ಉದ್ಯಾನನಗರಿಯ ಮೂಲೆಮೂಲೆಯಲ್ಲಿ ಕಸದ ಗುಡ್ಡ ಎದ್ದಿತು. ನಾವು ಎಸೆದದ್ದು ಮಾಯವಾಗುವುದಿಲ್ಲ, ಯಾರದೋ ಊರಿನ ಕೆರೆಯ ಪಕ್ಕ ಹೋಗಿ ಕೂರುತ್ತದೆ ಎಂಬ ಜ್ಞಾನೋದಯ ನಗರಕ್ಕೆ ಆಗಿದ್ದು ಆವಾಗ. ಹೈಕೋರ್ಟು, ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು ಎಂದಿತು. 2015ರ ಕೊನೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ 'ಎರಡು ಬುಟ್ಟಿ, ಒಂದು ಚೀಲ' ಎಂದಾಯಿತು. ಹಸಿಕಸಕ್ಕೆ ಹಸಿರು ಬುಟ್ಟಿ, ಡಯಾಪರು ಪ್ಯಾಡುಗಳಂಥದಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಆದೇಶವಾದದ್ದು ಇಡೀ ನಗರಕ್ಕೆ. ಜಾರಿಯಾದದ್ದು ಸಿಂಕಿನ ಕೆಳಗೆ.

ಸಿಂಕಿನ ಕೆಳಗೆ ಕಾನೂನು ಜಾರಿ ಮಾಡುವುದು ವಿಧಾನಸೌಧದಲ್ಲಿ ಮಾಡಿದಷ್ಟು ಸುಲಭವಲ್ಲ. ಎಂಜಿನಿಯರಿಂಗ್ ಓದಿದ ಮಗನಿಗೆ ಬಾಳೆಹಣ್ಣಿನ ಸಿಪ್ಪೆ ಹಸಿಯೋ ಒಣವೋ ಎಂದು ಯೋಚನೆ ಬರುತ್ತದೆ. ಯೋಚಿಸಿ, ಸಂಶಯವಿದ್ದಾಗ ಕಿಟಕಿಯ ಕಟ್ಟೆಯ ಮೇಲಿಡುತ್ತಾನೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಹಾಕಬಾರದು, ಅರ್ಧ ಕತ್ತರಿಸಿ ಅದಕ್ಕೇ ಅಂಟಿಕೊಂಡಿರಲು ಬಿಡಬೇಕು. ಆ ಚಿಟಿಕೆ ಚೂರು ಬೇರೆಯಾದರೆ ಅದನ್ನು ಆಯುವವರು ಯಾರೂ ಇಲ್ಲ, ನೇರ ಚರಂಡಿಗೇ ಹೋಗುತ್ತದೆ. ಇದನ್ನು ಮನೆಯವರಿಗೆಲ್ಲ ಕಲಿಸುವಷ್ಟರಲ್ಲಿ ನನಗೆ ಕಂಠಶೋಷಣೆಯಾಯಿತು. ಈಗ ನಮ್ಮನೆಯ ಹಿತ್ತಿಲ ತಂತಿಯ ಮೇಲೆ ತೊಳೆದ ಹಾಲಿನ ಪ್ಯಾಕೆಟ್ಟುಗಳು ಕ್ಲಿಪ್ಪಿಗೆ ಸಿಕ್ಕಿ ಸಾಲಾಗಿ ಒಣಗುತ್ತಿರುತ್ತವೆ. ಊರಿಂದ ಬಂದ ನಾದಿನಿ ನೋಡಿ, "ಅತ್ತಿಗೆ, ಅಷ್ಟೊಂದು ತಾಪತ್ರಯವೇ?" ಎಂದು ಮೆಲ್ಲಗೆ ಕೇಳಿದಳು. ಅಣ್ಣನ ಪಿಂಚಣಿಯ ಬಗ್ಗೆ ಅವಳಿಗೆ ಗಾಬರಿಯಾಗಿತ್ತು.

ಇನ್ನು ಕೆಂಪು ಬುಟ್ಟಿ. ಪ್ಯಾಡನ್ನು ಹಳೇ ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ ಕೊಡಬೇಕು. ಕಸ ವಿಂಗಡಿಸುವವರು ಬರಿಗೈಯಲ್ಲಿ ಬಿಚ್ಚಿ ನೋಡುವ ಅವಸ್ಥೆ ತಪ್ಪಲಿ ಅಂತ. ಈ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿದಾಗ ಗಂಡಸರೆಲ್ಲ ಏಕಕಾಲಕ್ಕೆ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಸಾಮಾನ್ಯವಾಗಿ ಒಂದು ನಿರ್ಣಯಕ್ಕೆ ಒಂದು ಗಂಟೆ ತೆಗೆದುಕೊಳ್ಳುವ ನಮ್ಮ ಸಂಘ ಇದನ್ನು ಅರ್ಧ ನಿಮಿಷದಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಮುಂದೆ ಬೇಗ ಪಾಸಾಗಬೇಕಾದ ವಿಷಯಗಳನ್ನೆಲ್ಲ ಇದರ ಹಿಂದೆಯೇ ಇಡಬೇಕೆಂದು ನಾವು ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡೆವು. ಮನೆಯಲ್ಲಿ ಮಾತ್ರ ಮಾವನವರಿಂದ ಒಂದು ತಕರಾರು ಬಂತು: ಸುತ್ತಲು ಪೇಪರ್ ತೆಗೆಯುವವರು ಪದಬಂಧದ ಪುಟ ಬಿಟ್ಟು ತೆಗೆಯಿರಿ.

ಕಸ ಬೇರೆ ಮಾಡಿದ್ದರ ನಿಜವಾದ ಫಲ ಕಂಡದ್ದು ಗೊಬ್ಬರದಲ್ಲಲ್ಲ, ಸಮಾಚಾರದಲ್ಲಿ. ಆಟೊದ ಹಿಂದೆ ಬರುವ ಪೌರಕಾರ್ಮಿಕ ಅಕ್ಕನಿಗೆ ನಮ್ಮ ಬೀದಿಯ ಆರೋಗ್ಯದ ಬಗ್ಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿಲ್ಲ. "ಮೂಲೆಮನೆಯವರು ಡಯಟ್ಟು ಡಯಟ್ಟು ಅಂತಾರೆ, ಒಣಕಸದ ಚೀಲ ಎತ್ತಿದರೆ ಪೂರಾ ಪಿಜ್ಜಾ ಡಬ್ಬ." "ಅಜ್ಜನಿಗೆ ಸಕ್ಕರೆಕಾಯಿಲೆ ಅಲ್ವಾ? ಜಾಮೂನು ಮಿಕ್ಸಿನ ಕವರು ಯಾರದು ಮತ್ತೆ?" ಇಷ್ಟು ದಿನ ಒಂದೇ ಕರೀ ಚೀಲದಲ್ಲಿ ಮುಚ್ಚಿಹೋಗುತ್ತಿದ್ದ ಗುಟ್ಟುಗಳು ಈಗ ಪಾರದರ್ಶಕ ಆಡಳಿತಕ್ಕೆ ಒಳಪಟ್ಟಿವೆ. ಮೂಲೆಮನೆಯವರು ಈಗ ಪಿಜ್ಜಾ ಡಬ್ಬವನ್ನು ಕಚೇರಿಗೆ ಒಯ್ದು ಬಿಸಾಡಿ ಬರುತ್ತಾರಂತೆ. ಇದೂ ಅಕ್ಕನೇ ಹೇಳಿದ್ದು.

ಗೊಬ್ಬರದ ಮಡಕೆಯ ಕಥೆ ಉದ್ದದ್ದು, ಚಿಕ್ಕದು ಮಾಡುತ್ತೇನೆ. ಮೂರು ಅಂತಸ್ತಿನ ಮಣ್ಣಿನ ಮಡಕೆ ತಂದೆ. ಮನೆಯಿಂದ ಹೊರಬೀಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯ ಸಿಪ್ಪೆ, ತೊಟ್ಟು, ಉಳಿಕೆಯೇ. ಅದನ್ನು ಅಲ್ಲೇ ಕೊಳೆಯಿಸಿದರೆ ಆಟೊಗೆ ಕೊಡುವುದು ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದೆಲೆ, ಮೇಲಿಷ್ಟು ಹುಳಿ ಮಜ್ಜಿಗೆ. ಎಲೆ ಕಮ್ಮಿಯಾದರೆ ನೀರೊಡೆದು ವಾಸನೆ, ವಾಸನೆಯಾದರೆ ಹುಳ, ಹುಳವಾದರೆ ಅತ್ತೆಯವರ ಕೂಗು. "ದುಡ್ಡು ಕೊಟ್ಟು ಹುಳ ಸಾಕೋರನ್ನ ಇಲ್ಲೇ ನೋಡಿದ್ದು ನಾನು" ಎಂದರು. ಅದೇ ಅತ್ತೆಯವರು ಈಗ ಯಾರೇ ಬರಲಿ, ಕರಿಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋಗಿ, "ನಮ್ಮನೇ ಗೊಬ್ಬರ, ಅಂಗಡೀದಲ್ಲ" ಎಂದು ತೋರಿಸುತ್ತಾರೆ. ಹುಳದ ವಿಷಯ ಹೇಳುವುದಿಲ್ಲ.

ಇನ್ನು ಸಭೆಗಳು. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದು, ನಗರದವರೂ ತಮ್ಮ ವಾರ್ಡಿನ ವಿಷಯದಲ್ಲಿ ಬಾಯಿ ಹಾಕಬಹುದು ಎಂದಾಯಿತು. ಅದಕ್ಕಾಗಿ ವಾರ್ಡ್ ಸಮಿತಿ. ಬೆಂಗಳೂರಿನಲ್ಲಿ ಅದಕ್ಕೆ ಹತ್ತು ಮಂದಿ ಸದಸ್ಯರು, ಅವರಲ್ಲಿ ಮೂವರಾದರೂ ಹೆಂಗಸರಿರಬೇಕು ಎಂದು ಆಗಿನ ಕಾನೂನು. ಆ ಮೂವರು ಯಾರಾಗುತ್ತಾರೆ? ಮನೇಲೇ ಇರುವವರು. ಎಲ್ಲ ಸಿದ್ಧವಾಗಿ ಜನ ಬೈಯುವುದನ್ನು ಕಲಿಯುವ ಹೊತ್ತಿಗೆ, 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿಯೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಬೈಯಲು ಆಳಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಒಲೆ ಒಬ್ಬನಿಗೆ, ನಲ್ಲಿ ಒಬ್ಬನಿಗೆ ಹೋದಂತೆ, ನಮ್ಮ ರಸ್ತೆಯ ಗುಂಡಿ ಯಾರ ಪಾಲಿಗೆ ಬಂತು ಎಂದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಗುಂಡಿ ಮಾತ್ರ ಪಾಲಾಗದೆ ಅವಿಭಕ್ತವಾಗಿಯೇ ಇತ್ತು.

ನಮ್ಮ ಸಂಘದ ಸಭೆಗಳ ವೈಖರಿ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ನಿವೃತ್ತರು. ಒಬ್ಬರು ಬ್ಯಾಂಕು, ಒಬ್ಬರು ವಿದ್ಯುತ್ತು, ಒಬ್ಬರು ಲೆಕ್ಕಪತ್ರ. ಇವರಿಗೆ ನಿವೃತ್ತಿಯಾದದ್ದು ಕಚೇರಿಯಿಂದ ಮಾತ್ರ, ಕಡತದಿಂದಲ್ಲ. ಕಳೆದ ಸಭೆಯ ನಡಾವಳಿಯಲ್ಲಿ 'ಚರ್ಚಿಸಲಾಯಿತು' ಎಂದಿರಬೇಕೋ 'ದೀರ್ಘವಾಗಿ ಚರ್ಚಿಸಲಾಯಿತು' ಎಂದಿರಬೇಕೋ ಎಂದು ದೀರ್ಘವಾಗಿ ಚರ್ಚಿಸುತ್ತಾರೆ. ಹಿಂದಿನ ಸಾಲಿನಲ್ಲಿ ನಾವು. ನಮ್ಮ ಕಿವಿ ಸಭೆಯಲ್ಲಿ ಒಂದು, ಮನೆಯ ಕುಕ್ಕರಿನಲ್ಲಿ ಒಂದು. ಅಧ್ಯಕ್ಷರು ಸ್ವಾಗತ ಮಾಡುವಾಗ ಮೊದಲ ಕೂಗು, ವಂದನಾರ್ಪಣೆಯ ಹೊತ್ತಿಗೆ ತಳ ಹತ್ತಿದ ವಾಸನೆ. "ಮೆನ್‌ಹೋಲ್ ಮುಚ್ಚಳ ಯಾವತ್ತು ಹಾಕಿಸ್ತೀರಿ?" ಎಂದು ನಡುವೆ ಯಾರಾದರೂ ಹೆಂಗಸು ಕೇಳಿದರೆ, "ಅಜೆಂಡಾದಲ್ಲಿ ಅದು ಒಂಬತ್ತನೆಯದು, ತಾಯಿ" ಎಂಬ ಉತ್ತರ. ಒಂಬತ್ತನೆಯದಕ್ಕೆ ಯಾವ ಸಭೆಯೂ ಇದುವರೆಗೆ ತಲುಪಿಲ್ಲ.

ಹಾಗಾಗಿ ಮುಚ್ಚಳ ಹಾಕಿಸಿದ್ದು ಸಭೆಯಲ್ಲ, ಬಿಸಿಬೇಳೆಬಾತು. ಸಂಬಂಧಪಟ್ಟ ಕಚೇರಿಯ ಎಂಜಿನಿಯರ್ ಒಬ್ಬರು ಯಾವುದೋ ಬೇರೆ ಕೆಲಸಕ್ಕೆ ನಮ್ಮ ಬೀದಿಗೆ ಬಂದರು. ಸುದ್ದಿ ಮುಟ್ಟಿಸಿದ್ದು ಕಸದ ಆಟೊದ ಅಕ್ಕನೇ. ಮೇಲಿನ ಮನೆಯ ಮಾಮಿ ಅವರನ್ನು ದಾರಿಯಲ್ಲೇ ತಡೆದು, "ಒಂದು ತೊಟ್ಟು ಕಾಫಿ ಕುಡಿದು ಹೋಗಪ್ಪಾ, ನಮ್ಮ ಮಗನ ವಯಸ್ಸು ನಿಂದು" ಎಂದರು. ಕಾಫಿಯ ಜೊತೆ ತಟ್ಟೆ ಬಂತು. ತಟ್ಟೆಯಲ್ಲಿ ಹಬೆಯಾಡುವ ಬಿಸಿಬೇಳೆಬಾತು, ಮೇಲೆ ತುಪ್ಪ, ಪಕ್ಕದಲ್ಲಿ ಖಾರಾಬೂಂದಿ. ಮಾಮಿಯ ಲೆಕ್ಕಾಚಾರ ಬಹಳ ಹಳೆಯದು, ಬಹಳ ಖಚಿತವಾದದ್ದು: ಬಿಸಿಯಾದ ತಟ್ಟೆ ಕೈಯಲ್ಲಿದ್ದವನು ಎದ್ದು ಹೋಗಲಾರ, ಬಾಯಿ ತುಂಬಿದವನು ಸಬೂಬು ಹೇಳಲಾರ. ಆತ ಮೊದಲ ತುತ್ತು ನುಂಗುವುದರೊಳಗೆ ಬೀದಿಯ ಏಳೆಂಟು ಹೆಂಗಸರು ಸುತ್ತ ನೆರೆದಿದ್ದೆವು. ಒಬ್ಬಳು ಮೊಬೈಲಿನಲ್ಲಿ ಗುಂಡಿಯ ಫೋಟೊ ತೋರಿಸಿದಳು. ಇನ್ನೊಬ್ಬಳು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟ ದೂರಿನ ತಾರೀಕುಗಳನ್ನು ಓದಿದಳು. ಮಾಮಿ ಇನ್ನೊಂದು ಸೌಟು ಬಡಿಸಿದರು. "ನಾಳೇನೇ ಹಾಕಿಸ್ತೀನಮ್ಮಾ" ಎಂದಾಗ ಆತನ ಕಣ್ಣಲ್ಲಿ ನೀರಿತ್ತು. ಕರುಣೆಯದೋ ಬ್ಯಾಡಗಿ ಮೆಣಸಿನಕಾಯಿಯದೋ ತಿಳಿಯಲಿಲ್ಲ. ಮುಚ್ಚಳ ಬಂತು. ಮುಂದಿನ ಸಭೆಯಲ್ಲಿ ನಿವೃತ್ತರು 'ಸಂಘದ ಸತತ ಪ್ರಯತ್ನದ ಫಲವಾಗಿ' ಎಂದು ಬರೆಸಿದರು. ಬರೆದುಕೊಂಡವಳು ನಾನೇ. 'ಹಾಗೂ ತುಪ್ಪದ' ಎಂದು ಸೇರಿಸಲು ಬಿಡಲಿಲ್ಲ.

ಹಾಗಂತ ನಾವು ಊರು ಸುಧಾರಿಸುವ ದಿನ ಮನೆಯಲ್ಲೂ ಬಿಸಿಬೇಳೆಬಾತು ಇರುತ್ತದೆ ಎಂದುಕೊಂಡರೆ ಅದು ನಿಮ್ಮ ಭ್ರಮೆ. ಮನೆಯವರಿಗೆ ಅವತ್ತು ಚಿತ್ರಾನ್ನ. ನಮ್ಮ ಮನೆಯಲ್ಲಿ ಪೇಪರ್ ಓದದಿದ್ದರೂ ತಟ್ಟೆ ನೋಡಿ ಬಡಾವಣೆಯ ಸ್ಥಿತಿಗತಿ ಹೇಳಬಹುದು. ಚಿತ್ರಾನ್ನವೆಂದರೆ ಸಾಧಾರಣ ಚರಂಡಿ ಸಮಸ್ಯೆ. ನಿನ್ನೆಯ ಸಾರಿಗೆ ಇವತ್ತಿನ ಒಗ್ಗರಣೆಯೆಂದರೆ ಟ್ಯಾಂಕರ್ ನೀರಿನ ಜಗಳ. ಮೊಸರನ್ನ, ಉಪ್ಪಿನಕಾಯಿ ಮಾತ್ರವೆಂದರೆ ಮರ ಕಡಿಯಲು ಯಾರೋ ಬಂದಿದ್ದಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತಲ್ಲ, ಆಗ ತಿಂಗಳುಗಟ್ಟಲೆ ಈ ಮೂರೇ ಅಡುಗೆ ತಿರುಗಿ ತಿರುಗಿ ಬಂದವು. ಅಕ್ಕಿ ತೊಳೆದ ನೀರು ತರಕಾರಿಗೆ, ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ. ಇದಕ್ಕೆ ಈಗ ಮರುಬಳಕೆ ಎಂದು ಕಾರ್ಯಾಗಾರ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ಅತ್ತೆಯವರು ಜೀವಮಾನವಿಡೀ ಇದನ್ನು ಮಾಡಿ 'ಜುಗ್ಗಿ' ಎಂಬ ಬಿರುದು ಪಡೆದಿದ್ದರು.

ಉಕ್ಕಿನ ಸೇತುವೆಯ ಗಲಾಟೆ ನಡೆದಾಗ ಮಾತ್ರ ತಿಂಡಿಯೇ ಇರಲಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ, 1,791 ಕೋಟಿ ರೂಪಾಯಿ, ಅದಕ್ಕಾಗಿ ಎಂಟುನೂರಕ್ಕೂ ಹೆಚ್ಚು ಮರಗಳ ಬಲಿ ಎಂದಾಗ 2016ರ ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಗಂಡಸರನ್ನು ದೋಸೆ ಇಲ್ಲದೆ ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದ್ದೇ ಒಂದು ಕ್ರಾಂತಿ. ಸೊಂಟದ ಮೇಲೊಂದು ಮಗು, ಕೈಯಲ್ಲೊಂದು 'ಬೇಡ' ಎಂಬ ಫಲಕ, ಚೀಲದಲ್ಲಿ ಬಿಸ್ಕತ್ತು ಹಿಡಿದು ಬಂದ ತಾಯಂದಿರು ಅಲ್ಲಿ ಬೇಕಾದಷ್ಟಿದ್ದರು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಂದು ಮನೆಯಲ್ಲಿ ಹೋಳಿಗೆ ಮಾಡಿದೆ. ಯಜಮಾನರು ಹೋಳಿಗೆ ತಿನ್ನುತ್ತಾ, "ವಾರಕ್ಕೊಂದು ಯೋಜನೆ ಕೈಬಿಡಲಿ" ಎಂದು ಹರಸಿದರು.

ಇದೇನು ನಮ್ಮ ಕಾಲದಲ್ಲಿ ಶುರುವಾದದ್ದಲ್ಲ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲೇ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತು ಕೂದಲೆಳೆಯಲ್ಲಿ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಿ ಎಂದು ಗಾಂಧೀಜಿಯ ಹತ್ತಿರವೇ ವಾದ ಮಾಡಿದರು. ಆಮೇಲೆ ಮುಂಬಯಿಯಲ್ಲಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣಗಳನ್ನು ಸ್ಟಾಕ್ ಎಕ್ಸ್‌ಚೇಂಜಿನವರಿಗೇ ಮಾರಲು ಹೊರಟರು. ನನ್ನನ್ನು ಕೇಳಿದರೆ ಬ್ರಿಟಿಷರು ಎಡವಿದ್ದು ಅಲ್ಲೇ. ಬೇರೆ ಯಾವುದಕ್ಕೆ ತೆರಿಗೆ ಹಾಕಿದ್ದರೂ ಗಂಡಸರ ಮಟ್ಟದಲ್ಲಿ ಮುಗಿಯುತ್ತಿತ್ತು. ಉಪ್ಪಿನ ಡಬ್ಬಕ್ಕೆ ಕೈ ಹಾಕಿದರು ನೋಡಿ, ಅದು ಒಲೆಯ ಪಕ್ಕದಲ್ಲಿರುವ ವಸ್ತು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುಮಾಡಿದಾಗಲೂ ಹೆಣ್ಣುಮಕ್ಕಳು ಜೊತೆಗಿದ್ದರು. ಮರ ಅಪ್ಪಿದವರ ಕಥೆ ಪುಸ್ತಕಕ್ಕೆ ಬಂದಿದೆ. ಅವರಿಗೆ ಬುತ್ತಿ ಕಟ್ಟಿದವರದು ಬಂದಂತಿಲ್ಲ. ಇಂಥದ್ದನ್ನೆಲ್ಲ ಕಂಡು ನಗಲು ನಮಗೊಬ್ಬರು ಟಿ. ಸುನಂದಮ್ಮ ಇದ್ದರು. ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ'ಯಲ್ಲಿ ಹೆಂಗಸರ ಮನೆವಾರ್ತೆಯನ್ನೇ ಹಾಸ್ಯ ಮಾಡಿ ಬರೆದು, ಹೆಂಗಸರಿಗೆ ಹಾಸ್ಯ ಬರುವುದಿಲ್ಲ ಎನ್ನುತ್ತಿದ್ದವರ ಬಾಯಿಗೆ ಕಡುಬು ತುರುಕಿದರು.

ಹಳ್ಳಿಗಳ ಕಥೆ ನಮ್ಮದಕ್ಕಿಂತ ಮುಂದಿದೆ. ರಾಜ್ಯದ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಮೊದಮೊದಲು ಅಧ್ಯಕ್ಷೆಯ ಜೊತೆ 'ಅಧ್ಯಕ್ಷರ ಯಜಮಾನರು' ಎಂಬ ಸಂವಿಧಾನದಲ್ಲಿಲ್ಲದ ಹುದ್ದೆಯೊಂದು ತಾನಾಗಿ ಸೃಷ್ಟಿಯಾಗಿ, ಆ ಮಹಾಶಯರು ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಈಗಲೂ ಅಲ್ಲಲ್ಲಿ ಕೂರುತ್ತಾರೆ. ಆದರೆ ನನ್ನ ತವರಿನ ಕಡೆಯ ಪಂಚಾಯಿತಿ ಸದಸ್ಯೆಯೊಬ್ಬಳು ಇದಕ್ಕೆ ಒಳ್ಳೆ ಉಪಾಯ ಮಾಡಿದ್ದಾಳೆ. ಸಭೆಯಿರುವ ದಿನ ಗಂಡನಿಗೆ ಹುರುಳಿಕಾಳು ಸಾರಿನ ಊಟ ಬೇಗ ಹಾಕಿ, "ಒಂದು ಗಳಿಗೆ ಕಣ್ಣು ಮುಚ್ಚಿ" ಎನ್ನುತ್ತಾಳೆ. ಆತ ಎಚ್ಚರಾಗುವುದರೊಳಗೆ ಬಜೆಟ್ ಪಾಸು.

2023ರಲ್ಲಿ ಎರಡು ಸವಲತ್ತು ಬಂದವು. ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಗಸ್ಟಿನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇವುಗಳ ಬಗ್ಗೆ ನಮ್ಮ ಮುಂದಿನ ಸಾಲಿನವರು ದೀರ್ಘವಾಗಿ ಚರ್ಚಿಸಿದ್ದಾರೆ, ಖಜಾನೆಯ ಚಿಂತೆಯಲ್ಲಿ ಒಬ್ಬರಿಗೆ ಬಿಪಿಯೂ ಏರಿದೆ. ನಾನು ಕಂಡದ್ದು ಇಷ್ಟು. ನಮ್ಮ ಪಾತ್ರೆ ತಿಕ್ಕುವ ಹುಡುಗಿ ಮೊದಲು ಶಾಲೆಯ ಪೋಷಕರ ಸಭೆಗೆ ಹೋಗಲು ಗಂಡನ ಹತ್ತಿರ ಬಸ್ಸಿನ ಕಾಸು ಕೇಳಬೇಕಿತ್ತು. ಯಾಕೆ, ಏನು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಟ್ಟರೆ ಕಾಸು ಸಿಗುತ್ತಿತ್ತು. ಈಗ ನೇರ ಬಸ್ ಹತ್ತುತ್ತಾಳೆ. ಹೋದವಳು ಶಾಲೆಯ ಶೌಚಾಲಯಕ್ಕೆ ನೀರಿಲ್ಲದ್ದನ್ನು ಕಂಡು ಹೆಡ್‌ಮಾಸ್ತರರಿಗೆ ಯಾಕೆ, ಏನು, ಎಷ್ಟು ದಿನ ಎಂದು ಅದೇ ಮೂರು ಪ್ರಶ್ನೆ ಕೇಳಿ ಬಂದಳಂತೆ. ತರಬೇತಿ ಮನೆಯಲ್ಲೇ ಆಗಿತ್ತು.

ಇಷ್ಟರ ನಡುವೆ ಕುಟುಂಬದ ಆರೋಗ್ಯ ಬೇರೆ ನಮ್ಮ ಖಾತೆ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೇಳಿ ಸುಮ್ಮನಾಗುತ್ತದೆ. ಮಾವಿನಕಾಯಿ ಕಾಲದಲ್ಲಿ ನಮ್ಮನೆಗೆ ಬಂದು ಉಪ್ಪಿನಕಾಯಿ ಜಾಡಿಗೂ ಮಾವನವರ ಕೈಗೂ ನಡುವೆ ಅದು ನಿಲ್ಲುವುದಿಲ್ಲ, ನಾನು ನಿಲ್ಲಬೇಕು. ವಾಟ್ಸ್ಯಾಪಿನಲ್ಲಿ ಯಜಮಾನರಿಗೆ ದಿನಕ್ಕೊಂದು ಆರೋಗ್ಯಸೂತ್ರ ಬರುತ್ತದೆ. ಸೋಮವಾರ ತೆಂಗಿನಕಾಯಿ ವಿಷ, ಮಂಗಳವಾರ ತೆಂಗಿನಕಾಯಿ ಅಮೃತ. ನಾನು ಎರಡಕ್ಕೂ ಹೂಂ ಎಂದು ಎಂದಿನಷ್ಟೇ ತುರಿದು ಹಾಕುತ್ತೇನೆ. ಸಿರಿಧಾನ್ಯದ ದೋಸೆಗೆ 'ಹೊಸ ಬಗೆಯ ಮಸಾಲೆದೋಸೆ' ಎಂದು ಹೆಸರಿಟ್ಟು ಮಕ್ಕಳಿಗೆ ತಿನ್ನಿಸಿದ್ದೇನೆ. ಪತ್ತೆಯಾದದ್ದು ಕಸದ ಅಕ್ಕನಿಂದ.

ನಮ್ಮ ಬೀದಿಯಲ್ಲಿ ರಕ್ತ ತಪಾಸಣೆಯ ಶಿಬಿರ ಮಾಡಿಸಿದೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಬಂದಿತ್ತು, ಹಾಗಾಗಿ ಶಿಬಿರ ಮುಖ್ಯವಾಗಿ ಹೆಂಗಸರಿಗೆ. ಕರಪತ್ರ ಹಂಚಿದವರು, ಶಾಮಿಯಾನ ಕಟ್ಟಿಸಿದವರು, ಬಂದವರಿಗೆ ರಾಗಿ ಅಂಬಲಿ ಕಾಯಿಸಿದವರು ನಾವೇ. ಮುಂದಿನ ಸಾಲಿನ ನಿವೃತ್ತರೆಲ್ಲ ಸರದಿಯಲ್ಲಿ ನಿಂತು ಒಬ್ಬೊಬ್ಬರೂ ಎರಡೆರಡು ಬಾರಿ ಸಕ್ಕರೆ, ಬಿಪಿ ನೋಡಿಸಿಕೊಂಡು ಫಲಿತಾಂಶ ಹೋಲಿಸಿ ನೋಡಿದರು. ಸಂಜೆ ನರ್ಸಮ್ಮ ಪೆಟ್ಟಿಗೆ ಕಟ್ಟುತ್ತಾ, "ಆಯೋಜಕರು ಯಾರೂ ರಕ್ತ ಕೊಡಲೇ ಇಲ್ಲವಲ್ಲ" ಎಂದಾಗ ನಮ್ಮ ಕೈಯೆಲ್ಲ ಅಂಬಲಿ. ಆಕೆ ಗದರಿ, ಕೈ ತೊಳೆಸಿ, ಸಾಲಾಗಿ ಕೂರಿಸಿ ಚುಚ್ಚಿದಳು. ಕಬ್ಬಿಣದ ಮಾತ್ರೆ ಸಿಕ್ಕಿದ್ದು ಮಾಮಿಯನ್ನು ಬಿಟ್ಟು ಮಿಕ್ಕ ಎಲ್ಲರಿಗೂ. ಮಾಮಿಯ ಗುಟ್ಟೇನು ಎಂದು ವಿಚಾರಿಸಿದರೆ, ಅವರು ಮದುವೆಯಾದಾಗಿನಿಂದಲೂ ಗಂಡನಿಗಿಂತ ಮೊದಲು ಊಟ ಮಾಡುತ್ತಾರಂತೆ. "ಬಡಿಸೋಳಿಗೆ ತ್ರಾಣ ಬೇಡವೇನೇ?"

ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಯಾವುದೋ ಪ್ರಾಜೆಕ್ಟಿಗೆ ಮೈಕು ಹಿಡಿದು ಬಂದು, "ಮನೆ, ಅಡುಗೆ, ಸಮಾಜ, ಇದನ್ನೆಲ್ಲ ಹೇಗೆ ಬ್ಯಾಲೆನ್ಸ್ ಮಾಡ್ತೀರಿ ಆಂಟಿ?" ಎಂದು ಕೇಳಿದಳು. ಪಕ್ಕದಲ್ಲೇ ಅಧ್ಯಕ್ಷರು ಕೂತಿದ್ದರು. ಅವರಿಗೂ ಮನೆಯಿದೆ, ಹೆಂಡತಿ ಇದ್ದಾರೆ, ಊಟವನ್ನಂತೂ ದಿನಕ್ಕೆ ಮೂರು ಹೊತ್ತು ಮಾಡುತ್ತಾರೆ. ಅವರನ್ನು ಕೇಳಲಿಲ್ಲ. "ಮಗೂ, ನಾವು ಬ್ಯಾಲೆನ್ಸ್ ಮಾಡಲ್ಲ, ಒಂದನ್ನು ತಳ ಹಿಡಿಸ್ತೀವಿ. ಇವತ್ತು ಯಾವುದು ಅಂತ ಆರಿಸಿಕೊಳ್ಳೋದಷ್ಟೇ" ಅಂದೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ. ನಗುಮುಖದ ಫೋಟೊ ಒಂದು ತೆಗೆದುಕೊಂಡು ಹೋದಳು.

ಹೋದ ತಿಂಗಳ ಸಭೆಗೆ ನಾನು ಅಡುಗೆ ಮಾಡಿಡದೆಯೇ ಹೋದೆ. ಯಜಮಾನರು ತಾವೇ ಉಪ್ಪಿಟ್ಟು ಮಾಡುವುದಾಗಿ ವೀರಪ್ರತಿಜ್ಞೆ ಮಾಡಿದ್ದರು. ಬೀದಿದೀಪದ ವಿಷಯ ಕಾವೇರುತ್ತಿದ್ದಾಗ ಫೋನು. ಅವಸರದಲ್ಲಿ ಯಾವುದೋ ಗುಂಡಿ ಒತ್ತಿ ಸ್ಪೀಕರು ಆನಾಯಿತು. "ಸಾಸಿವೆ ಎಲ್ಲಿದೆ?" ಎಂಬ ಆರ್ತನಾದ ಸಭಾಂಗಣದಲ್ಲಿ ಮೊಳಗಿತು. ನಾನು ಬಾಯಿ ತೆರೆಯುವ ಮೊದಲೇ ಬ್ಯಾಂಕಿನವರು, "ಜೀರಿಗೆ ಪಕ್ಕದಲ್ಲಿ ನೋಡಿ ಸ್ವಾಮಿ" ಎಂದರು. "ಜೀರಿಗೆ ಎಲ್ಲಿದೆ?" ಎಂದು ಆ ಕಡೆಯಿಂದ. ವಿದ್ಯುತ್ತಿನವರು ಮಸಾಲೆ ಡಬ್ಬವೆಂದರು. ಲೆಕ್ಕಪತ್ರದವರು, ತಮ್ಮ ಮನೆಯಲ್ಲಿ ಸಾಸಿವೆ ಇದೆ ಎಂಬುದು ದಾಖಲೆಯಿಂದ ತಿಳಿದಿದೆ, ಆದರೆ ಖುದ್ದಾಗಿ ನೋಡಿಲ್ಲ ಎಂದರು. ಹಿಂದಿನ ಸಾಲಿನ ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆವು, ಒಬ್ಬಳೂ ಉತ್ತರ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಮಾತಿಗೆ ಮಾತು ಬೆಳೆದು, ವೇಳೆಯಾಯಿತೆಂದು ಅಧ್ಯಕ್ಷರು ಗಂಟೆ ಬಾರಿಸಿದರು. ನಡಾವಳಿ ಬರೆಯುವವಳು ನಾನಲ್ಲವೇ, ನಿಯಮದ ಪ್ರಕಾರವೇ ಬರೆದೆ: 'ಸಾಸಿವೆ ಇರುವ ಸ್ಥಳದ ಕುರಿತು ದೀರ್ಘವಾಗಿ ಚರ್ಚಿಸಲಾಯಿತು. ಒಮ್ಮತ ಮೂಡದ ಕಾರಣ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.'